ರಿಬ್ಬನ್ ಕಟ್ಟಿದ ಕಿಟಕಿ

"ನೀವು ಹೇಳೋದೆಲ್ಲ ನಿಜಾನಾ?"

ಒಂದು ನಮಸ್ಕಾರ ಇಲ್ಲ, ಹೆಸರು ಇಲ್ಲ. ಎದುರಿಗೆ ಬಂದು ನಿಂತವನು ಮೊದಲು ಕೇಳಿದ್ದೇ ಇದು!

ಗೈಡ್ ಮಿರ್ನಾ ತಬ್ಬಿಬ್ಬಾದಳು. ದುಬ್ರೋವ್ನಿಕ್ ಕೋಟೆಯ ಪಿಲೆ ಹೆಬ್ಬಾಗಿಲಲ್ಲಿ ಆಗಲೇ ಜನ ಕಿಕ್ಕಿರಿದಿದ್ದರು. ಹಡಗಿನಿಂದ ಇಳಿದು ಬಂದ ಗುಂಪುಗಳು, ಗೈಡುಗಳ ಬಾವುಟಗಳು, ಐಸ್‌ಕ್ರೀಮಿಗೆ ಅಳುವ ಮಕ್ಕಳು. ಆ ಗದ್ದಲದ ನಡುವೆ ಇವನೊಬ್ಬ ಮಾತ್ರ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ತಣ್ಣಗೆ ನಿಂತಿದ್ದ.

"ಕ್ಷಮಿಸಿ... ನೀವು?"

"ಗೋರಾನ್. ಝಾಗ್ರೆಬ್‌ನಿಂದ ಬಂದಿದ್ದೀನಿ. ಇಡೀ ದಿನಕ್ಕೆ ನಿಮ್ಮನ್ನ ಬುಕ್ ಮಾಡಿರೋನು. ನಾನೊಬ್ಬನೇ."

"ಓಹ್, ಬನ್ನಿ ಬನ್ನಿ! ನಾನು ಮಿರ್ನಾ." ಅವಳು ನಗು ತಂದುಕೊಂಡಳು. "ನಾನು ಹೇಳೋದು ನಿಜವೋ ಸುಳ್ಳೋ ಅಂತ ಸಂಜೆ ನೀವೇ ತೀರ್ಪು ಕೊಡಿ."

ತಮಾಷೆಗೆ ಹೇಳಿದ್ದು. ಅವನು ನಗಲಿಲ್ಲ.

"ಕೊಡ್ತೀನಿ," ಎಂದ.

ಮಿರ್ನಾಳ ಬೆನ್ನಲ್ಲಿ ಸಣ್ಣಗೆ ಚಳಿ ಹುಟ್ಟಿತು. ಜುಲೈ ತಿಂಗಳ ಬಿಸಿಲಿನಲ್ಲಿ!

ಕೋಟೆಗೋಡೆ ಹತ್ತುವ ಮೆಟ್ಟಿಲ ಬಳಿ ಟಿಕೆಟ್ ನೋಡುವ ಬೋಝೋ ಮಾಮ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದ. ಊರಿನ ಗೈಡುಗಳಿಗೆಲ್ಲ ಅವನೇ ಸುದ್ದಿಪತ್ರಿಕೆ.

"ಯಾರಮ್ಮಾ ಇವನು?"

"ಗಿರಾಕಿ. ಝಾಗ್ರೆಬ್‌ನವನಂತೆ."

"ಅಂತೆ!" ಬೋಝೋ ಮಾಮ ಕಣ್ಣು ಕಿರಿದು ಮಾಡಿದ. "ಲೈಸೆನ್ಸ್ ಕಚೇರಿಯವರು ಪ್ರವಾಸಿಗಳ ವೇಷದಲ್ಲಿ ಜನ ಬಿಡ್ತಿದ್ದಾರಂತೆ, ಗೊತ್ತಾ? ಯಾರು ಕಟ್ಟುಕಥೆ ಹೇಳ್ತಾರೆ ಅಂತ ಹಿಡಿಯೋಕೆ. ಒಂಟಿ ಗಂಡಸು... ಇಡೀ ದಿನದ ಬುಕಿಂಗ್... ಕೈಯಲ್ಲಿ ಕ್ಯಾಮೆರಾ ಇಲ್ಲ. ಕ್ಯಾಮೆರಾ ಇಲ್ಲದ ಪ್ರವಾಸೀನ ಎಲ್ಲಾದ್ರೂ ನೋಡಿದ್ಯಾ?"

"ಸುಮ್ನಿರು ಮಾಮ. ಹೆದರಿಸಬೇಡ."

"ನಾನ್ಯಾಕೆ ಹೆದರಿಸಲಿ? ಅವನ ಜೇಬು ನೋಡು."

ಮಿರ್ನಾ ತಿರುಗಿ ನೋಡಿದಳು. ಅವನ ಅಂಗಿಯ ಜೇಬಿನಲ್ಲಿ ಫೋನು ನೆಟ್ಟಗೆ ನಿಂತಿತ್ತು. ಅದರ ತುದಿ ಮಾತ್ರ ಹೊರಗೆ. ಯಾರೋ ಒಳಗೆ ಕೂತು ಕಿವಿಗೊಟ್ಟು ಕೇಳುತ್ತಿರುವ ಹಾಗೆ...

ಅವಳು ಥಟ್ಟನೆ ಕಣ್ಣು ತಿರುಗಿಸಿದಳು.

ಏಕೆಂದರೆ ಅವಳ ಬಳಿ ಒಂದು ಸುಳ್ಳಿತ್ತು.

ಹಿಂದಿನ ಬೇಸಿಗೆಯಲ್ಲಿ, ಸೆಖೆಗೆ ಬಸವಳಿದು ಆಕಳಿಸುತ್ತಿದ್ದ ಒಂದು ಗುಂಪನ್ನು ಎಚ್ಚರಿಸಲು ಏನೋ ಒಂದು ಹೇಳಬೇಕಿತ್ತು. ಓಣಿಯೊಂದರಲ್ಲಿ ಹಸಿರು ಬಾಗಿಲುಗಳ ಹಳೆಯ ಕಿಟಕಿ ಕಂಡಿತು. 'ಈ ಮನೆಯ ಹುಡುಗಿ ನಾವಿಕನೊಬ್ಬನನ್ನು ಪ್ರೀತಿಸಿದಳು. ಅವನ ಹಡಗಿಗೆ ಕಾಣಲಿ ಅಂತ ದಿನಾ ಸಂಜೆ ಕಿಟಕಿಗೆ ನೀಲಿ ರಿಬ್ಬನ್ ಕಟ್ಟುತ್ತಿದ್ದಳು. ಅವನು ಬರಲೇ ಇಲ್ಲ. ಕಾಯುತ್ತ ಕಾಯುತ್ತ ಇದೇ ಕಿಟಕಿಯ ಬಳಿ ಪ್ರಾಣ ಬಿಟ್ಟಳು...' ಬಾಯಿಗೆ ಬಂದದ್ದು ಹೇಳಿಬಿಟ್ಟಿದ್ದಳು. ಹೆಂಗಸರು ಕಣ್ಣೊರೆಸಿಕೊಂಡರು. ಮರುದಿನ ಯಾರೋ ಅಲ್ಲಿ ನಿಜವಾಗಿಯೂ ಒಂದು ನೀಲಿ ರಿಬ್ಬನ್ ಕಟ್ಟಿ ಹೋಗಿದ್ದರು!

ಆಮೇಲೆ ಅದು ಅವಳ ಕೈಯಲ್ಲಿ ಉಳಿಯಲಿಲ್ಲ. ಬೇರೆ ಗೈಡುಗಳು ಆ ಕಥೆ ಎತ್ತಿಕೊಂಡರು. ಅಂಗಡಿಗಳಲ್ಲಿ ರಿಬ್ಬನ್ ಮಾರಾಟಕ್ಕೆ ಬಂತು. ಮಿರ್ನಾ ಮಾತ್ರ ನಾಚಿಕೆಯಿಂದ ಆ ಓಣಿಯ ಕಡೆ ಹೋಗುವುದನ್ನೇ ಬಿಟ್ಟಿದ್ದಳು.

ಲೈಸೆನ್ಸ್ ಹೋದರೆ? ಒಮ್ಮೆ ಫೇಲಾಗಿ, ಅತ್ತು, ಮತ್ತೆ ಓದಿ ಪಡೆದದ್ದು. ಅದು ಹೋದರೆ ಅಕ್ಕನ ಹಾಗೆ ಐರ್ಲೆಂಡಿನ ಯಾವುದೋ ಕಾರ್ಖಾನೆಯಲ್ಲಿ ಮೀನು ಪ್ಯಾಕ್ ಮಾಡಬೇಕು. ಅಮ್ಮನನ್ನು ಬಿಟ್ಟು, ಈ ಊರನ್ನು ಬಿಟ್ಟು...

'ಇವತ್ತು ಒಂದೇ ಒಂದು ಸುಳ್ಳೂ ಬಾಯಿಂದ ಬರಬಾರದು,' ಎಂದುಕೊಂಡಳು.

ಪರಿಣಾಮ? ಅವಳ ಜೀವನದಲ್ಲೇ ಅತ್ಯಂತ ನೀರಸ ಪ್ರವಾಸ ಅದು!

ಮುಖ್ಯಬೀದಿಯ ಗೋಡೆಯಲ್ಲಿ ಚಾಚಿಕೊಂಡಿರುವ ಕಲ್ಲಿನ ಮುಖವನ್ನು ತೋರಿಸಿ ಅವನು ಕೇಳಿದ. "ಇದರ ಮೇಲೆ ಹತ್ತಿ ನಿಂತ್ರೆ ಪ್ರೀತಿ ಸಿಗುತ್ತಂತೆ?"

"ಅದು ನೀರು ಹರಿದು ಹೋಗೋ ಜಾಗ."

"ಅಷ್ಟೇನಾ?"

"ಅಷ್ಟೇ."

ಅವನ ತುಟಿಯ ಅಂಚು ಕೊಂಚ ಅಲುಗಿತು. ನಗುವೋ? ಬಲೆಯೋ?

ಮಿರ್ನಾ ಅವನನ್ನು ಕದ್ದು ನೋಡತೊಡಗಿದಳು. ನೋಡಿದಷ್ಟೂ ಅನುಮಾನ ಹೆಚ್ಚಿತು. ನುಣುಪಾದ ಕಲ್ಲುಹಾಸಿನ ಮೇಲೆ ಪ್ರವಾಸಿಗಳೆಲ್ಲ ಜಾರಿ ಜಾರಿ ನಡೆಯುತ್ತಿದ್ದರೆ, ಇವನು ನೆಲ ನೋಡದೆಯೇ ನಡೆಯುತ್ತಿದ್ದ. ಓಣಿಗಳ ಹೆಸರು ಓದಲು ತಲೆ ಎತ್ತುತ್ತಿರಲಿಲ್ಲ. ಮಾತಿನ ಕೊನೆಯಲ್ಲಿ ಒಮ್ಮೊಮ್ಮೆ ಸ್ವರ ಎಳೆಯುತ್ತಿದ್ದ. ಹಾಗೆ ಎಳೆಯುವವರು ಈ ಊರಿನವರು ಮಾತ್ರ!

ಝಾಗ್ರೆಬ್ ಅಂತೆ ಝಾಗ್ರೆಬ್!

ಕೋಟೆಗೋಡೆಯ ಮೇಲೆ ಬಿಸಿಲು ಕಾಯಿಸಿದ ಹಂಚಿನಂತೆ ಸುಡುತ್ತಿತ್ತು. ಅವಸರದಲ್ಲಿ ಅವಳು ಬೆಳಿಗ್ಗೆ ಏನೂ ತಿಂದಿರಲಿಲ್ಲ. ಒಂದು ತಿರುವಿನಲ್ಲಿ ಕಣ್ಣು ಕತ್ತಲಿಟ್ಟಿತು.

"ಏಯ್, ಹುಷಾರು!"

ಅವನ ಕೈ ಅವಳ ಮೊಣಕೈಯನ್ನು ಹಿಡಿದಿತ್ತು. ಅವಳನ್ನು ಬುರುಜಿನ ಹಿಂದಕ್ಕೆ ನಡೆಸಿಕೊಂಡು ಹೋದ. ಅಲ್ಲಿ ಒಂದು ಕಲ್ಲಿನ ಕಟ್ಟೆ. ಕೂತ ತಕ್ಷಣ ಸಮುದ್ರದ ಗಾಳಿ ಮುಖಕ್ಕೆ ಬಂತು.

"ಇಲ್ಲಿ ಯಾವಾಗ್ಲೂ ಗಾಳಿ ಇರುತ್ತೆ," ಎಂದ. ಚೀಲದಿಂದ ಒಂದು ಪೀಚ್ ಹಣ್ಣು ತೆಗೆದು ಚಾಕುವಿನಿಂದ ಸಿಪ್ಪೆ ಸುಲಿದು ಹೋಳು ಮಾಡಿ ಕೊಟ್ಟ. "ತಿನ್ನಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಲ್ವಾ?"

"ನಿಮಗೆ ಹೇಗೆ ಗೊತ್ತು?"

"ಯಾವುದು? ತಿಂದಿಲ್ಲ ಅನ್ನೋದಾ?"

"ಇಲ್ಲಿ ಗಾಳಿ ಬರುತ್ತೆ ಅನ್ನೋದು."

ಅವನ ಚಾಕು ಅರೆಗಳಿಗೆ ನಿಂತಿತು.

"ಊಹೆ," ಎಂದ.

ಸುಳ್ಳು! ಮಿರ್ನಾಳಿಗೆ ಖಾತ್ರಿಯಾಯಿತು. ಆದರೂ... ಹೋಳು ಕೊಡುವಾಗ ಅವನ ಕಣ್ಣಲ್ಲಿದ್ದ ಕಾಳಜಿ? ಅದೂ ಸುಳ್ಳೇ? 'ಮಿರ್ನಾ, ನಿನ್ನ ಕೆಲಸ ತೆಗೆಯೋಕೆ ಬಂದವನು ಅವನು. ಪೀಚ್ ಹಣ್ಣಿಗೆ ಕರಗಿಬಿಡ್ತೀಯಾ?'

ಮಧ್ಯಾಹ್ನ ಸಂತೆಕಟ್ಟೆಯಲ್ಲಿ ಅವನು ಸಕ್ಕರೆ ಹಾಕಿ ಒಣಗಿಸಿದ ಕಿತ್ತಳೆ ಸಿಪ್ಪೆ ಕೊಳ್ಳಲು ನಿಂತ. ಮಾರುವ ಮುದುಕಿ ಅವನ ಮುಖ ನೋಡಿದ್ದೇ ಬಾಯಿ ತೆರೆದಳು. "ಅಯ್ಯೋ, ನೀನು...!"

ಅವನು ತುಟಿಯ ಮೇಲೆ ಬೆರಳಿಟ್ಟ. ಮುದುಕಿ ಬಾಯಿ ಮುಚ್ಚಿಕೊಂಡಳು. ಪೊಟ್ಟಣಕ್ಕೆ ಒಂದು ಹಿಡಿ ಜಾಸ್ತಿಯೇ ಹಾಕಿದಳು.

ಇದೆಲ್ಲ ಪಕ್ಕದ ಅಂಗಡಿಯ ಗಾಜಿನಲ್ಲಿ ಮಿರ್ನಾಳಿಗೆ ಕಂಡಿತು.

"ಆಕೆ ನಿಮ್ಮ ಪರಿಚಯದವರಾ?"

"ಇಲ್ಲವಲ್ಲ."

"ಏನೋ ಹೇಳೋಕೆ ಬಂದ ಹಾಗಿತ್ತು."

"ನಾನು ಅವರ ಮೊಮ್ಮಗನ ಥರ ಕಾಣ್ತೀನೇನೋ."

ಸಿಪ್ಪೆಯ ಸಿಹಿ ಅವಳ ಬಾಯಲ್ಲಿ ಕಹಿಯಾಯಿತು. ಹಾಗಾದರೆ ಸಂತೆಯ ಮುದುಕಿಯರೂ ಇವನ ಕಡೆಯವರೇ?

ಸಂಜೆಯಾಗುತ್ತ ಬಂತು. ಆ ಮಠ, ಈ ಚರ್ಚು, ಹಳೆಯ ಬಂದರು, ಭೂಕಂಪದ ನಂತರ ಊರನ್ನು ಮತ್ತೆ ಕಟ್ಟಿದ್ದು... ಎಲ್ಲ ಮುಗಿಯಿತು. ಎಲ್ಲೂ ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. 'ಗೆದ್ದೆ,' ಎಂದುಕೊಳ್ಳುವಷ್ಟರಲ್ಲಿ ಅವನು ನಿಂತ.

"ಇನ್ನೊಂದು ಉಳೀತಲ್ಲ?"

"ಯಾವುದು?"

"ರಿಬ್ಬನ್ ಕಟ್ಟಿದ ಕಿಟಕಿ."

ಅವಳು ಬಂದರಿನ ಕಡೆ ಮುಖ ತಿರುಗಿಸಿದಳು.

"ಅಲ್ಲಿ... ನೋಡೋಕೆ ಏನಿಲ್ಲ."

"ಎಲ್ಲಾ ಗೈಡುಗಳೂ ಕರ್ಕೊಂಡು ಹೋಗ್ತಾರಂತೆ. ನೀವ್ಯಾಕೆ ಹೋಗಲ್ಲ?"

"ಓಣಿ ಇಕ್ಕಟ್ಟು."

"ನಾವಿಬ್ಬರೇ ಅಲ್ವಾ?"

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

ಆ ಕಿಟಕಿಯನ್ನು ಕಂಡು ಮಿರ್ನಾ ಬೆಚ್ಚಿದಳು. ಹಸಿರು ಬಾಗಿಲು ಕಾಣುತ್ತಲೇ ಇರಲಿಲ್ಲ! ನೀಲಿ ರಿಬ್ಬನ್‌ಗಳು ಒಂದರ ಮೇಲೊಂದು, ಗಂಟಿನ ಮೇಲೆ ಗಂಟು. ಬಣ್ಣ ಮಾಸಿದ್ದು, ಹೊಸದು, ಹರಿದದ್ದು. ಕಿಟಕಿಯ ಬಾಯಿಗೆ ಬಟ್ಟೆ ತುರುಕಿದ ಹಾಗೆ.

"ಹೇಳಿ," ಎಂದ ಅವನು. ದನಿ ಗಟ್ಟಿಯಾಗಿತ್ತು. "ಯಾರವಳು? ಏನಾದಳು?"

'ನನಗೆ ಗೊತ್ತಿಲ್ಲ ಅಂದರೆ ಸಾಕು,' ಎಂದಿತು ಬುದ್ಧಿ. 'ಕಥೆ ಯಾರದೋ ಅಂತ ಹೇಳಿ ಪಾರಾಗಿಬಿಡು.'

ಆದರೆ ಆ ರಿಬ್ಬನ್‌ಗಳ ರಾಶಿಯನ್ನು ನೋಡುತ್ತ ಅವಳಿಗೆ ಸುಳ್ಳು ಸಾಕಾಗಿಹೋಗಿತ್ತು.

"ಯಾರೂ ಇಲ್ಲ," ಎಂದಳು ಮೆಲ್ಲಗೆ. "ಅಂಥ ಹುಡುಗಿ ಇರಲೇ ಇಲ್ಲ. ಇದು ನಾನು ಕಟ್ಟಿದ ಕಥೆ. ನೀವು ಯಾರು ಅಂತ ನನಗೆ ಗೊತ್ತು ಸಾರ್. ಬರ್ಕೊಳ್ಳಿ. ಇದನ್ನ ಶುರು ಮಾಡಿದ್ದು ನಾನೇ."

ಅವನು ಏನೋ ಹೇಳಲು ಬಾಯಿ ತೆರೆದ.

ಅಷ್ಟರಲ್ಲಿ ರಿಬ್ಬನ್‌ಗಳ ಹಿಂದಿನಿಂದ, ಕಿಟಕಿಯೊಳಗಿನಿಂದ, ಒಂದು ಮುದಿದನಿ ಬಂತು.

"ಯಾಕೆ? ಇವತ್ತು ನಾನು ಸಾಯಲ್ವೇನೇ?"

ಮಿರ್ನಾ ಚೀರಿಬಿಟ್ಟಳು!

"ಕಿರುಚಬೇಡ. ಬಾಗಿಲು ತೆಗೆದೇ ಇದೆ, ಒಳಗೆ ಬಾ. ಓರ್ಸತ್, ನೀನೂ ಬಾರೋ."

ಓರ್ಸತ್? ಈ ಊರು ಬಿಟ್ಟರೆ ಬೇರೆಲ್ಲೂ ಆ ಹೆಸರು ಇಡುವುದಿಲ್ಲ. ಮಿರ್ನಾ ನಿಧಾನವಾಗಿ ಅವನ ಕಡೆ ತಿರುಗಿದಳು. ಅವನು ಟೋಪಿ ತೆಗೆದ. ತಲೆ ತಗ್ಗಿಸಿದ.

ಹೊರಗೆ ಇನ್ನೂ ಬೆಳಕಿದ್ದರೂ ಒಳಗೆ ದೀಪ ಉರಿಯುತ್ತಿತ್ತು. ಮೂಲೆಯಿಂದ ಮೂಲೆಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬೀಸಣಿಗೆ ಹಿಡಿದು ಕೂತಿದ್ದಳು ಒಬ್ಬ ಮುದುಕಿ, ಅವನ ಅಜ್ಜಿ ಯೆಲೆ.

"ನೋಡು, ನಾನೇ ನಿನ್ನ ಕಥೆಯ ಹುಡುಗಿ," ಎಂದಳು ಎದೆ ಮುಟ್ಟಿಕೊಂಡು. "ಹೋದ ಬೇಸಿಗೆಯಿಂದ ದಿನಾ ಸಾಯ್ತಿದ್ದೀನಿ. ಜರ್ಮನ್‌ನಲ್ಲಿ ಸತ್ತೆ, ಫ್ರೆಂಚ್‌ನಲ್ಲಿ ಸತ್ತೆ. ಅದ್ಯಾವುದೋ ಚೀನಾ ಕಡೆ ಭಾಷೇಲೂ ಸತ್ತಿರಬೇಕು, ಅವರು ಜಾಸ್ತಿ ಅಳ್ತಾರೆ."

"ಅಜ್ಜಿ... ನನಗೆ ಗೊತ್ತಿರಲಿಲ್ಲ... ಮನೆ ಖಾಲಿ ಅಂತ..."

"ಅದೂ ಹೋಗಲಿ, ನಾವಿಕನಿಗೆ ಕಾದಳಂತೆ! ನಾನು ಯಾವನಿಗೂ ಕಾದೋಳಲ್ಲ ಕಣೇ. ಇವನ ತಾತ ಒಂದು ಸಲ ಕುಡಿದು ಬಂದಾಗ ಮೂರು ವಾರ ಬಾಗಿಲು ತೆಗೀಲಿಲ್ಲ. ಅವನೇ ಈ ಕಿಟಕಿ ಕೆಳಗೆ ಕಾದಿದ್ದು!"

ಮಿರ್ನಾಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

"ಕಿಟಕಿ ತೆಗೆದು ಬೈಯಬೇಕಿತ್ತು ಅಜ್ಜಿ ನೀವು!"

"ಹೇಗೆ ತೆಗೀಲಿ? ಮೊದಮೊದಲು ಪಾಪ ಅನ್ನಿಸ್ತು. ಅಷ್ಟು ಅಳ್ತಿದ್ದಾರೆ, ನನ್ನ ಮುಖ ಕಂಡ್ರೆ ಅವರ ಕಥೆ ಹಾಳಾಗುತ್ತೆ ಅಂತ. ಆಮೇಲೆ ತೆಗೆಯೋಕೆ ಹೋದ್ರೆ ಕಿಟಕಿ ಬಾಗಿಲೇ ತೆರೆದುಕೊಳ್ಳಲಿಲ್ಲ. ಅಷ್ಟು ಗಂಟು." ಅಜ್ಜಿಯ ಬೀಸಣಿಗೆ ನಿಂತಿತು. "ಜನರ ನಡುವೆ ನುಗ್ಗಿ ಬ್ರೆಡ್ ತರೋಕೂ ಆಗಲ್ಲ ಈಗ. ಕಥೆ ಏನಾದ್ರೂ ಇರಲಿ ಮಗಳೇ. ಗಾಳಿ ಮಾತ್ರ ಬೇಕಾಗಿತ್ತು."

ಮಿರ್ನಾ ಅಜ್ಜಿಯ ಕಾಲ ಬಳಿ ಕುಸಿದಳು.

ಆಗ ಅಜ್ಜಿ ಮೊಮ್ಮಗನ ಕಡೆ ತಿರುಗಿದಳು. "ಏನೋ, ಎಲ್ಲಾ ರೆಕಾರ್ಡ್ ಆಯ್ತಾ? ಆ ಗೈಡ್ ಹುಡುಗಿ ಕೆಲಸ ತೆಗೆಸೇ ತೆಗೆಸ್ತೀನಿ ಅಂತ ಬೆಳಿಗ್ಗೆ ಹಾರಾಡ್ಕೊಂಡು ಹೋದ್ಯಲ್ಲ?"



ಮಿರ್ನಾ ಎದ್ದು ನಿಂತಳು. ಮುಖ ಬಿಳಿಚಿತ್ತು.

"ಹಾಗಾದ್ರೆ ನೀವು ಕಚೇರಿಯವರಲ್ಲ..."

"ಅಲ್ಲ. ಹಡಗಿನ ಇಂಜಿನಿಯರ್. ತಿಂಗಳುಗಟ್ಟಲೆ ಸಮುದ್ರದ ಮೇಲೆ ಇರ್ತೀನಿ. ಹೋದ ವಾರ ಮನೆಗೆ ಬಂದಾಗ ಅಜ್ಜಿ ಈ ಕತ್ತಲಲ್ಲಿ ಕೂತಿದ್ರು. ಯಾರು ಶುರು ಮಾಡಿದ್ದು ಅಂತ ವಿಚಾರಿಸಿದಾಗ ನಿಮ್ಮ ಹೆಸರು ಸಿಕ್ತು. ಸಿಟ್ಟು ಬಂತು. ದೂರು ಕೊಡೋಕೆ ಸಾಕ್ಷಿ ಬೇಕಿತ್ತು. ಆದರೆ ಮಿರ್ನಾ, ಕೋಟೆಗೋಡೆ ಮೇಲೆ ನೀವು ತಲೆಸುತ್ತಿ ಕೂತಾಗಲೇ ರೆಕಾರ್ಡಿಂಗ್ ಆಫ್ ಮಾಡಿದೆ. ಆಮೇಲೆ ನಾನು ಕೇಳ್ತಿದ್ದದ್ದು ನಿಮ್ಮ ಮಾತಿಗೋಸ್ಕರ..."

"ನಿಲ್ಲಿಸಿ!" ಅವಳ ಕಣ್ಣು ತುಂಬಿ ಬಂತು. "ಹೆಸರು ಸುಳ್ಳು, ಊರು ಸುಳ್ಳು. ಆ ಪೀಚ್ ಹಣ್ಣೂ ಸುಳ್ಳೇ ಅಲ್ವಾ? ನಾನೊಂದು ಸುಳ್ಳು ಹೇಳಿದೆ, ಒಪ್ಕೊಂಡೆ. ನೀವು ಬೆಳಿಗ್ಗೆಯಿಂದ ಹೇಳಿದ್ದೆಲ್ಲ ಅದೇ!"

"ಮಿರ್ನಾ..."

"ಅಜ್ಜಿ, ನಿಮ್ಮ ಕಿಟಕಿ ನಾನು ತೆಗೆಸ್ತೀನಿ. ನಿಮ್ಮ ಮೊಮ್ಮಗ ದೂರು ಕೊಡ್ಲಿ ಬಿಡ್ಲಿ."

ಅವಳು ಓಣಿಯ ಮೆಟ್ಟಿಲುಗಳನ್ನು ಇಳಿದು ಓಡಿದಳು. ಹಿಂದೆ ಯಾರೋ ಕರೆಯುತ್ತಿದ್ದರು. ತಿರುಗಿ ನೋಡಲಿಲ್ಲ.

ಕೆಲವು ದಿನಗಳ ನಂತರ ಲೈಸೆನ್ಸ್ ಕಚೇರಿಯಿಂದ ಎಲ್ಲ ಗೈಡುಗಳಿಗೂ ಕರೆ ಬಂತು. ರಿಬ್ಬನ್ ಕಿಟಕಿಯ ವಿಷಯವಂತೆ.

'ಕೊಟ್ಟೇಬಿಟ್ಟ ದೂರು,' ಎಂದುಕೊಂಡಳು ಮಿರ್ನಾ. ಅಷ್ಟು ದಿನ ಅವನ ಕರೆಗಳನ್ನು ತೆಗೆದಿರಲಿಲ್ಲ. ತೆಗೆಯದೆ ಇದ್ದದ್ದೇ ಒಳ್ಳೆಯದಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ಎದೆಯೊಳಗೆ ಏನೋ ನೋಯುತ್ತಿತ್ತು.

ಸಭೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. 'ನಾನಲ್ಲ, ಅವರು ಹೇಳಿದ್ದು ಕೇಳಿದೆ' ಎನ್ನುವ ಪಿಸುಮಾತು. ಅಧಿಕಾರಿ ಹೆಂಗಸು ಬಾಯಿ ತೆರೆಯುವ ಮೊದಲೇ ಮಿರ್ನಾ ಎದ್ದಳು.

"ಮೇಡಂ, ಆ ಕಥೆ ನಾನು ಕಟ್ಟಿದ್ದು. ಆ ಮನೇಲಿ ಒಬ್ಬರು ಅಜ್ಜಿ ಇದ್ದಾರೆ. ಜೀವಂತ ಇದ್ದಾರೆ. ದಯವಿಟ್ಟು ಯಾರೂ ಇನ್ಮೇಲೆ ಆ ಓಣಿಗೆ ಗುಂಪು ಕರ್ಕೊಂಡು ಹೋಗಬೇಡಿ."



"ವಿಚಿತ್ರ," ಎಂದಳು ಅಧಿಕಾರಿ, ಕನ್ನಡಕ ತೆಗೆದು. "ಮೊನ್ನೆ ಆ ಮನೆಯವನು ಬಂದಿದ್ದ. ಓಣಿಗೆ ಗುಂಪು ಬಿಡಬೇಡಿ ಅಂದ. ಯಾರು ಶುರು ಮಾಡಿದ್ದು ಅಂತ ಎಷ್ಟು ಕೇಳಿದ್ರೂ ಹೆಸರು ಹೇಳಲಿಲ್ಲ. 'ಆ ಗೈಡ್ ಇಡೀ ದಿನ ನನ್ನ ಜೊತೆ ಇದ್ಲು, ಒಂದೇ ಒಂದು ಸುಳ್ಳು ಹೇಳಲಿಲ್ಲ' ಅಂದ. ಈಗ ನೀವೇ ಹೇಳ್ತಿದ್ದೀರಿ!"

ಮಿರ್ನಾಳಿಗೆ ಮುಂದಿನದ್ದು ಸರಿಯಾಗಿ ಕೇಳಿಸಲಿಲ್ಲ. ಒಂದು ತಿಂಗಳು ಕೆಲಸ ಮಾಡುವಂತಿಲ್ಲ ಎಂದರು. ಲೈಸೆನ್ಸ್ ಉಳಿಯಿತು. ಓಣಿ ಗುಂಪುಗಳಿಗೆ ಬಂದ್ ಆಯಿತು. ಅವಳ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಹೆಸರು ಹೇಳಲಿಲ್ಲ... ಅವನು ನನ್ನ ಹೆಸರು ಹೇಳಲೇ ಇಲ್ಲ...

ಮರುದಿನ ಬೆಳಿಗ್ಗೆ, ಹಡಗಿನ ಜನ ಬರುವ ಮೊದಲೇ, ಕತ್ತರಿ ಹಿಡಿದು ಆ ಓಣಿ ಹತ್ತಿದಳು.

ಏಣಿಯ ಮೇಲೆ ಆಗಲೇ ಒಬ್ಬ ಇದ್ದ. ಒಂದೊಂದೇ ಗಂಟು ಬಿಡಿಸುತ್ತಿದ್ದ. ಅವಳನ್ನು ಕಂಡು ಅವನ ಕೈ ನಿಂತಿತು.

"ಬೈಯೋಕೆ ಬಂದ್ರಾ?"

"ಕತ್ತರಿಸೋಕೆ ಬಂದೆ."

"ರಿಬ್ಬನ್ನಾ, ನನ್ನನ್ನಾ?"

"ಇನ್ನೂ ತೀರ್ಮಾನ ಮಾಡಿಲ್ಲ."

ಕಿಟಕಿಯೊಳಗಿನಿಂದ ದನಿ ಬಂತು. "ಅವನನ್ನ ಆಮೇಲೆ ಕತ್ತರಿಸು ಮಗಳೇ! ಮೊದಲು ನನ್ನ ಕಿಟಕಿ!"

ಇಬ್ಬರೂ ನಕ್ಕರು. ನಕ್ಕದ್ದಕ್ಕೆ ಇಬ್ಬರಿಗೂ ನಾಚಿಕೆಯಾಯಿತು. ಕೆಳಗಿನ ಅರ್ಧ ಅವಳು, ಮೇಲಿನ ಅರ್ಧ ಅವನು. ಕೊನೆಯ ಗಂಟು ಕಡಿದಾಗ ಕಿಟಕಿಯ ಬಾಗಿಲು ಕಿರ್ರೆಂದು ತೆರೆದುಕೊಂಡಿತು. ಯೆಲೆ ಅಜ್ಜಿ ತಲೆ ಹೊರಗೆ ಹಾಕಿ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಅವಳ ಬಿಳಿಯ ಕೂದಲು ಗಾಳಿಗೆ ಹಾರಿತು. ಸ್ವಲ್ಪ ಹೊತ್ತು ಹಾಗೇ ಇದ್ದು, ಇಬ್ಬರನ್ನೂ ಒಮ್ಮೆ ನೋಡಿ ಒಳಗೆ ಹೋದಳು.

ಓರ್ಸತ್ ಏಣಿ ಇಳಿದ.

"ಯಾಕೆ ನನ್ನ ಹೆಸರು ಹೇಳಲಿಲ್ಲ?" ಕೇಳಿದಳು ಮಿರ್ನಾ.

"ಹೇಳೋಕೆ ಆಗಲಿಲ್ಲ. ನಿಮ್ಮ ಒಂದೇ ಒಂದು ಸುಳ್ಳು ಹಿಡೀಬೇಕು ಅಂತ ಬಂದೋನು ನಾನು. ಮಧ್ಯಾಹ್ನದ ಹೊತ್ತಿಗೆ ದೇವರೇ, ಇವಳ ಬಾಯಲ್ಲಿ ಸುಳ್ಳು ಬರದೇ ಇರಲಿ ಅಂತ ಬೇಡ್ಕೊಳ್ತಿದ್ದೆ." ಅವನ ದನಿ ತಗ್ಗಿತು. "ನನಗೆ ನೀವು ಇಷ್ಟ ಮಿರ್ನಾ. ತುಂಬಾ ಇಷ್ಟ. ಈ ತಿಂಗಳ ಕೊನೆಗೆ ಮತ್ತೆ ಹಡಗಿಗೆ ಹೋಗ್ತೀನಿ. ಹೇಳದೇ ಹೋದ್ರೆ ಅದೂ ಒಂದು ಸುಳ್ಳೇ ಆಗುತ್ತೆ."

ಅವಳಿಗೆ ನಂಬುವ ಆಸೆಯಿತ್ತು. ಆದರೂ ಅನುಮಾನದ ಒಂದು ಎಳೆ ಇನ್ನೂ ಉಳಿದಿತ್ತು.

"ಹೇಗೆ ನಂಬಲಿ?"

"ನಂಬಬೇಡಿ. ಅನುಮಾನ ಪಡ್ತಾನೇ ಇರಿ. ಏನು ಬೇಕಾದ್ರೂ, ಎಷ್ಟು ಸಲ ಬೇಕಾದ್ರೂ ಕೇಳಿ. ಹಡಗಿಗೆ ಫೋನ್ ಮಾಡಿ ಕೇಳಿ. ಉತ್ತರ ಹೇಳ್ತಾ ಇರ್ತೀನಿ."

ಮಿರ್ನಾ ಅವನ ಮುಖವನ್ನೇ ನೋಡಿದಳು. ಟೋಪಿಯಿಲ್ಲದ, ಬೆವೆತ, ಹೆದರಿದ ಮುಖ.

"ಹಾಗಾದ್ರೆ ಮೊದಲನೇ ಪ್ರಶ್ನೆ."

"ಕೇಳಿ."

"ತಿಂಡಿ ತಿಂದ್ಯಾ?"

'ತಿಂದ್ರಾ' ಅಲ್ಲ, 'ತಿಂದ್ಯಾ'! ಅವನ ಕಣ್ಣು ಅರಳಿತು.

"ಇಲ್ಲ."

"ನಿಜವಾಗ್ಲೂ?"

"ಹೊಟ್ಟೆ ಮುಟ್ಟಿ ನೋಡು ಬೇಕಾದ್ರೆ."

ಅವಳು ಮುಟ್ಟಿದ್ದು ಅವನ ಕೈಯನ್ನು. "ಬಾ," ಎಂದಳು. "ಬ್ರೆಡ್ ತರೋಣ. ಅಜ್ಜಿಗೂ ಹಸಿವಾಗಿರುತ್ತೆ."